ಮೆಟ್ಟಿಲ ತಿರುವಿನ ಮೇಜು

ನನ್ನ ಕೆಲಸದ ಜಾಗದಲ್ಲಿ ನನಗೆ ಯಾವ ಕೊರತೆಯೂ ಇಲ್ಲ ಎಂದು ಒಮ್ಮೆ ಬಾಯಿ ಜಾರಿ ಹೇಳಿಬಿಟ್ಟೆ. ಅಷ್ಟಕ್ಕೇ ನಮ್ಮ ಸಾಹೇಬರು, ನನ್ನ ಹೆಂಡತಿ, ಅವಳ ಅಣ್ಣ ಮತ್ತು ಪಕ್ಕದ ಮನೆಯ ಮೇಷ್ಟ್ರು ಎಲ್ಲರೂ ಟೊಂಕ ಕಟ್ಟಿ ನನ್ನನ್ನು ಉದ್ಧಾರ ಮಾಡಲು ನಿಂತರು. ಉದ್ಧಾರ ಮಾಡುವವರ ಕಷ್ಟ ಊರಿಗೆಲ್ಲ ಕಾಣುತ್ತದೆ, ಆಗುವವನ ಕಷ್ಟ ಕೇಳುವವರಿಲ್ಲ. ಆದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ.

ನಮ್ಮದು ನೀರು ಸರಬರಾಜಿನ ಕಚೇರಿ. ಮನೆಗೆ ನಲ್ಲಿ ಬೇಕಾದವರು ಕೆಳಗೆ ಅರ್ಜಿ ಕೊಡಬೇಕು, ಮೇಲಿನ ಮಹಡಿಯಲ್ಲಿ ಸಾಹೇಬರು ಅದಕ್ಕೆ ಸಹಿ ಹಾಕಬೇಕು. ನಾನು ಮೊದಲು ಕೆಳಗೆ ಕೂರುತ್ತಿದ್ದೆ. ಒಂದು ದಿನ ನನ್ನನ್ನು ಮೇಲಕ್ಕೆ ಹಾಕಿದರು. ನನ್ನ ಜೊತೆ ನನ್ನ ಮೇಜೂ ಹೊರಟಿತು. ಅದು ಸಾಮಾನ್ಯದ ಮೇಜಲ್ಲ. ಗಟ್ಟಿ ಮರ, ಎರಡೂ ಕಡೆ ಡ್ರಾಯರು, ಆನೆಕಾಲು. ಅರ್ಧ ದಾರಿ ಮರ್ಯಾದೆಯಿಂದಲೇ ಏರಿತು. ಮೆಟ್ಟಿಲು ತಿರುಗುವ ಕಡೆ, ದೊಡ್ಡ ಕಿಟಕಿಯ ಕೆಳಗಿನ ಚೌಕದಲ್ಲಿ, ತಿರುಗಿಸಲು ಹೋದಾಗ ಒಂದು ಮೂಲೆ ಗೋಡೆಗೂ ಇನ್ನೊಂದು ಮೂಲೆ ಕಬ್ಬಿಣದ ಕಂಬಿಗೂ ಕಚ್ಚಿಕೊಂಡಿತು. ಮೇಲಕ್ಕೆ ಎಳೆದರೂ ಬರದು, ಕೆಳಕ್ಕೆ ನೂಕಿದರೂ ಹೋಗದು. ಪಕ್ಕದಲ್ಲಿ ಜನ ಓಡಾಡುವಷ್ಟು ಜಾಗ ಉಳಿದದ್ದೇ ಪುಣ್ಯ.

ಈಗ ಗೋಡೆ ಒಡೆಯಬೇಕು, ಇಲ್ಲವೇ ಮೇಜು ಕೊಯ್ಯಬೇಕು. ಗೋಡೆ ಕಟ್ಟಡ ವಿಭಾಗಕ್ಕೆ ಸೇರಿದ್ದು, ಮೇಜು ಸಾಮಾನು ವಿಭಾಗಕ್ಕೆ ಸೇರಿದ್ದು. ತಮ್ಮ ಗೋಡೆ ಒಡೆಯಲು ಅವರು ಬಿಡಲಿಲ್ಲ, ತಮ್ಮ ಮೇಜು ಕೊಯ್ಯಲು ಇವರು ಬಿಡಲಿಲ್ಲ. "ತೀರ್ಮಾನ ಆಗೋವರೆಗೆ ನೀವು ಅಲ್ಲೇ ಕೂತಿರಿ, ತಾತ್ಕಾಲಿಕವಾಗಿ," ಎಂದರು ಆಗಿನ ಸಾಹೇಬರು. ಅವರು ನಿವೃತ್ತರಾದರು, ಅವರ ನಂತರ ಬಂದವರೂ ನಿವೃತ್ತರಾದರು. ನಾನು ತಾತ್ಕಾಲಿಕವಾಗಿ ಕೂತೇ ಇದ್ದೆ.

ಕೂತಿದ್ದೆ ಎಂದರೆ ಏನು ಕೂತಿದ್ದು ಅಂತೀರಿ. ಕಿಟಕಿಯಿಂದ ಸುಂಯ್ ಅಂತ ಗಾಳಿ. ಆಚೆ ಒಂದು ದೊಡ್ಡ ಮರ, ಮರದ ಕೆಳಗೆ ಸೈಕಲ್ ರಿಪೇರಿಯವನು. ಮೇಲಿನವರ ಮಾತು ಅರ್ಧ ಕೇಳಿಸುತ್ತದೆ, ಕೆಳಗಿನವರದು ಇನ್ನರ್ಧ. ಇಡೀ ಕಚೇರಿಯಲ್ಲಿ ಪೂರ್ತಿ ಸಮಾಚಾರ ತಿಳಿದವನು ನಾನೊಬ್ಬನೇ. ಮೇಲಿನವರು ನನ್ನನ್ನು ಕೆಳಗಿನ ಪೈಕಿ ಎಂದುಕೊಂಡಿದ್ದರು, ಕೆಳಗಿನವರು ಮೇಲಿನ ಪೈಕಿ ಎಂದುಕೊಂಡಿದ್ದರು. ಹಾಗಾಗಿ ಬೈಯುವ ಜವಾಬ್ದಾರಿಯನ್ನು ಇಬ್ಬರೂ ಇನ್ನೊಬ್ಬರಿಗೆ ಬಿಟ್ಟಿದ್ದರು.

ಕೆಲಸವೂ ಜಾಗಕ್ಕೆ ತಕ್ಕ ಹಾಗೆ ಒದಗಿ ಬಂತು. ಮೇಲಕ್ಕೆ ಹೋಗುವ ಕಾಗದವನ್ನು ಪರೀಕ್ಷಿಸಿ ಒಂದು ಮೊಹರು, ಸಹಿಯಾಗಿ ಕೆಳಗೆ ಬರುವ ಕಾಗದಕ್ಕೆ ಇನ್ನೊಂದು. ಮೊಣಕಾಲು ನೋವಿನ ಮುದುಕರು ತಿರುವಿನವರೆಗೆ ಏದುಸಿರು ಬಿಡುತ್ತಾ ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕೂರುತ್ತಾರೆ. ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಕಾಗದ ತಿರುವಿ ಹಾಕಿ, "ಅಜ್ಜಾ, ಇದಕ್ಕೆ ಮನೆ ಕಂದಾಯದ ರಸೀತಿ ಬೇಕು. ಮೇಲೆ ಹತ್ತಬೇಡಿ, ಮನೆಗೆ ಹೋಗಿ ತನ್ನಿ," ಎನ್ನುತ್ತೇನೆ. ಅವರು ನನ್ನ ಮಕ್ಕಳು ಮರಿಗಳನ್ನೆಲ್ಲ ಹರಸಿ ಇಳಿಯುತ್ತಾರೆ.

ಇದೆಲ್ಲ ಚೆನ್ನಾಗಿತ್ತು. ತಪ್ಪಾದದ್ದು ಮನೆಯಲ್ಲಿ. ಮೆಟ್ಟಿಲ ಮೇಲೆ ಕೂರುತ್ತೇನೆ ಎಂದು ಹೆಂಡತಿಗೆ ಹೇಳಲು ಯಾಕೋ ನಾಲಿಗೆ ಏಳಲಿಲ್ಲ. "ನಂದು ಬೇರೇನೇ ಜಾಗ. ದೊಡ್ಡ ಕಿಟಕಿ ಇದೆ. ನನ್ನ ದಾಟದೆ ಯಾರೂ ಸಾಹೇಬರ ಹತ್ರ ಹೋಗೋ ಹಾಗಿಲ್ಲ," ಎಂದಿದ್ದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡಿ. ಆದರೆ ಅವಳು ಅದನ್ನು ತನ್ನ ಅಣ್ಣನಿಗೆ ಹೇಳುವಾಗ ಕಿಟಕಿಯ ಸುತ್ತ ಗೋಡೆ ಕಟ್ಟಿದಳು. ಅವನು ಇನ್ನೊಬ್ಬರಿಗೆ ಹೇಳುವಾಗ ಬಾಗಿಲು ಇಟ್ಟು ಪರದೆ ಬಿಟ್ಟ. ನನ್ನ ಈ ಭಾವನದು ಪೀಠೋಪಕರಣದ ಅಂಗಡಿ. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಟೇಪು ಇಲ್ಲದೆ ಅವನು ಮದುವೆಮನೆಗೂ ಹೋಗುವುದಿಲ್ಲ. "ನಮ್ಮ ಭಾವನೋರ ರೂಮಿಗೆ ಒಂದು ಒಳ್ಳೇ ಮೇಜು ಮಾಡಿಸಿ ಕೊಡಬೇಕು," ಎಂದು ಕಂಡಾಗಲೆಲ್ಲ ಹೇಳುತ್ತಿದ್ದ. ನಾನು ಮಾತು ಮರೆಸುತ್ತಿದ್ದೆ.

ಹೀಗಿರುವಾಗ ಹೆಡ್ಡಾಫೀಸಿನಿಂದ ಒಬ್ಬ ತಜ್ಞೆ ಬಂದರು. ಕೂರುವ ಕುರ್ಚಿ, ಬೆಳಕು, ಗಾಳಿ, ಸದ್ದು ಇವೆಲ್ಲ ನೌಕರರ ತೃಪ್ತಿಯನ್ನು ಹೇಗೆ ಏರಿಸುತ್ತವೆ, ಹೇಗೆ ಇಳಿಸುತ್ತವೆ ಎಂದು ತಿಳಿಯುವುದು ಅವರ ವಿದ್ಯೆ. ಬೆಳಕು ಅಳೆಯಲು ಒಂದು ಯಂತ್ರ, ಸದ್ದು ಅಳೆಯಲು ಇನ್ನೊಂದು. ತೃಪ್ತಿ ಅಳೆಯಲು ಮಾತ್ರ ಯಂತ್ರ ಇಲ್ಲವಾದ್ದರಿಂದ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಲ್ಲೇ ಕೇಳುತ್ತಿದ್ದರು.

ಮೇಲಿನ ಮಹಡಿಯ ಟೈಪಿಸ್ಟಿಗೆ ನಾವು ಅಯ್ಯೋ ಅಕ್ಕ ಎಂದು ಹೆಸರಿಟ್ಟಿದ್ದೇವೆ. ಆಕೆ ಯಾವ ಮಾತನ್ನೂ 'ಅಯ್ಯೋ' ಇಲ್ಲದೆ ಶುರು ಮಾಡುವುದಿಲ್ಲ. ಅವತ್ತು ಫ್ಯಾನಿನಿಂದ ಶುರು ಮಾಡಿ ಕುರ್ಚಿ, ಗೋಡೆಯ ಬಣ್ಣ, ಪಕ್ಕದವರ ಕೆಮ್ಮು ಎಲ್ಲ ಮುಗಿಸಿ ಏಳುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಉಳಿದವರೂ ಕಡಿಮೆ ಇರಲಿಲ್ಲ. ತಜ್ಞೆ ಎಲ್ಲವನ್ನೂ ಸಮಾಧಾನವಾಗಿ ಕೇಳಿ, ಇಳಿದು ಹೋಗುವಾಗ ನನ್ನೆದುರು ನಿಂತರು.

"ಇಲ್ಲಿ ಯಾರಾದ್ರೂ ಕೂರ್ತಾರಾ?" ಎಂದು ಕೂತಿದ್ದ ನನ್ನನ್ನೇ ಕೇಳಿದರು.

"ನಾನೇ ಕೂರ್ತೀನಿ ಮೇಡಂ. ತಾತ್ಕಾಲಿಕ."

"ಯಾವಾಗಿಂದ?"

"ಮಗಳು ಹುಟ್ಟಿದಾಗಿಂದ. ಈಗ ಕಾಲೇಜಿಗೆ ಹೋಗ್ತಾಳೆ."

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಫ್ಯಾನಿಲ್ಲ."

"ಕಿಟಕಿ ಇದೆಯಲ್ಲ ಮೇಡಂ."

"ಮಳೆ ಬಂದ್ರೆ?"

"ಆ ಕಡೆ ಬೆನ್ನು ಮಾಡ್ತೀನಿ."

"ದಿನಾ ಎಲ್ಲಾ ಮೈಮೇಲೇ ಬಿದ್ದು ಓಡಾಡ್ತಾರಲ್ಲ."

"ಹೌದು ಮೇಡಂ. ಒಳ್ಳೇ ಜನ."

"ಹಾಗಾದ್ರೆ ನಿಮಗೆ ಏನು ಬೇಕು? ಸಂಕೋಚ ಬೇಡ, ಬಾಯಿಬಿಟ್ಟು ಹೇಳಿ."

"ಏನೂ ಬೇಡ ಮೇಡಂ," ಎಂದು ನಕ್ಕೆ. "ನಂಗೇನೂ ಕೊರತೆ ಇಲ್ಲ. ಹೀಗೇ ಬಿಟ್ಬಿಟ್ರೆ ಸಾಕು."

ತಜ್ಞೆ ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. ಇಳಿಯುತ್ತಿದ್ದವರು ತಿರುಗಿ ದಡದಡ ಮೇಲಕ್ಕೇ ಹತ್ತಿದರು. ಮೇಲಿನ ಮಾತು ನನಗೆ ಅರ್ಧ ಕೇಳಿಸುತ್ತದೆ ಎಂದೆನಲ್ಲ, ಸಾಹೇಬರ ಕೋಣೆಯಿಂದ ಇಷ್ಟು ಕೇಳಿಸಿತು: "ದೂರು ಹೇಳೋರ ಬಗ್ಗೆ ನಂಗೆ ಯೋಚನೆ ಇಲ್ಲ ಸರ್, ಅವರಿಗೆ ಇನ್ನೂ ಆಸೆ ಇದೆ. ಕೆಳಗಿದಾರಲ್ಲ, ಅವರದು ಕೈ ಮೀರಿದೆ. ಬೇಕು ಅನ್ನೋ ಶಕ್ತಿನೇ ಹೋಗಿಬಿಟ್ಟಿದೆ. ಇನ್ನು ತಡ ಮಾಡಿದ್ರೆ..."

ಕೆಳಗೆ ಯಾರಿಗೋ ಪಾಪ, ಇಂಥ ಗತಿ ಬಂದಿದೆ. ತಕ್ಷಣ ಇಳಿದು ಹೋಗಿ, ಅರ್ಜಿ ತೆಗೆದುಕೊಳ್ಳುವ ಗುಮಾಸ್ತರ ಕೈ ಹಿಡಿದು, "ಧೈರ್ಯವಾಗಿರಿ, ನಾವೆಲ್ಲ ಇದೀವಿ," ಎಂದೆ. ಅವರು ಹೆದರಿ ಸಂಜೆಯೇ ಡಾಕ್ಟರ ಹತ್ತಿರ ಹೋದರಂತೆ.

ಮರುದಿನ ಸಾಹೇಬರು ನನ್ನ ಮೇಜಿನ ಬಳಿ ನಿಂತರು. ನಮ್ಮ ಸಾಹೇಬರು ದೊಡ್ಡ ಹೊಟ್ಟೆಯ, ದೊಡ್ಡ ಗಂಟಲಿನ ಮನುಷ್ಯ. ಅವರು ಕೆಮ್ಮಿದರೆ ಸೈಕಲ್ ರಿಪೇರಿಯವನು ತಲೆ ಎತ್ತುತ್ತಾನೆ. ಅಂಥವರು ಪಿಸುದನಿಯಲ್ಲಿ, "ಊಟ ಆಯ್ತೇನ್ರೀ?" ಎಂದರು.

"ಸಾರ್, ಈಗಷ್ಟೇ ಕಚೇರಿ ಬಾಗಿಲು ತೆಗೆದಿದಾರೆ."

"ಆಗ್ಲಿ, ಆಗ್ಲಿ. ನಿಧಾನವಾಗಿ ಮಾಡಿ," ಎಂದು ನನ್ನ ಭುಜ ಸವರಿ ಹೋದರು. ಅಷ್ಟು ಸಾಲದೆಂದು ಜವಾನನನ್ನು ಕರೆದು ನನ್ನ ಮೇಲೆ ಕಣ್ಣಿಡಲು ಹೇಳಿದರು. ಅವನು ನಿಷ್ಠಾವಂತ. ಹೊತ್ತೊತ್ತಿಗೆ ಬಂದು ನನ್ನ ಮುಖ ನೋಡಿ, ನಾನು ನಕ್ಕರೆ ಓಡಿಹೋಗಿ, "ಸಾರ್, ಮತ್ತೆ ನಕ್ಕರು," ಎಂದು ವರದಿ ಒಪ್ಪಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ನಮ್ಮ ಮನೆಗೇ ಫೋನು ಮಾಡಿದರು. ಅವರ ಮಾತನ್ನು ಹೆಂಡತಿ ಆಮೇಲೆ ನನಗೆ ಹೇಳಿದ್ದು ಹೀಗೆ: "ನಿಮ್ಮ ಯಜಮಾನರನ್ನ ಸ್ವಲ್ಪ ನೋಡ್ಕೊಳಿ ಅಮ್ಮ. ಗಾಬರಿ ಏನಿಲ್ಲ. ಮೆಟ್ಟಿಲ ಮೇಲೆ ಕೂರ್ತಾರೆ, ಹೋಗಿ ಬರೋರನ್ನ ನೋಡಿ ನಗ್ತಾರೆ, ಏನು ಕೊಡ್ತೀನಿ ಅಂದ್ರೂ ಬೇಡ ಅಂತಾರೆ."

ನೀವೇ ಹೇಳಿ, ಗಂಡನ ಬಗ್ಗೆ ಇಂಥ ಮಾತು ಕೇಳಿದ ಯಾವ ಹೆಂಗಸಿನ ಎದೆ ಧಸಕ್ ಎನ್ನುವುದಿಲ್ಲ? ಸಂಜೆ ನಾನು ಮನೆ ಸೇರಿದಾಗ ನಡುಮನೆಯಲ್ಲಿ ಭಾವ ಕೂತಿದ್ದ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೂತಿದ್ದರು. ಮಗಳು ಚಾಕು ಕತ್ತರಿಗಳನ್ನೆಲ್ಲ ಒಳಗೆ ತೆಗೆದಿಡುತ್ತಿದ್ದಳು. ಹೆಂಡತಿ ನನ್ನ ಕೈಯಿಂದ ಚೀಲ ತೆಗೆದುಕೊಂಡು, ಮಗುವನ್ನು ಕೇಳುವ ದನಿಯಲ್ಲಿ ಕೇಳಿದಳು.

"ರೀ, ಇವತ್ತು ಮೆಟ್ಟಿಲ ಮೇಲೆ ಯಾಕೆ ಕೂತ್ರಿ?"

"ದಿನಾ ಅಲ್ಲೇ ಕಣೇ ಕೂರೋದು."

ಭಾವ ಮತ್ತು ಮೇಷ್ಟ್ರು ಮುಖ ಮುಖ ನೋಡಿಕೊಂಡರು.

"ಮೆಟ್ಟಿಲು ಅಂದ್ರೆ, ಒಳಗಿಂದಾ, ಬೀದಿ ಕಡೇದಾ?" ಎಂದರು ಮೇಷ್ಟ್ರು.

"ಒಳಗಿಂದು."

"ಸದ್ಯ," ಎಂದು ಮೇಷ್ಟ್ರು ಉಸಿರು ಬಿಟ್ಟರು.

"ಮತ್ತೆ ರೂಮು?" ಎಂದಳು ಹೆಂಡತಿ. "ಕಿಟಕಿ?"

ನಾನು ಮೇಜು ಸಿಕ್ಕಿಕೊಂಡ ಕಥೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಖುಷಿಯಾಗಿ ಮರ, ಗಾಳಿ, ಸೈಕಲ್ ರಿಪೇರಿಯವನ ತನಕ ಬಂದೆ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಅಳಲು ಶುರು ಮಾಡಿದಳು. "ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ಬಂದು, ಒಂದು ದಿನಾನೂ ಮುಖದಲ್ಲಿ ತೋರಿಸ್ಲಿಲ್ಲ. ಎಲ್ಲಾ ನುಂಗ್ಕೊಂಡ್ರಿ."

"ನುಂಗೋಕೆ ಏನೂ ಇರ್ಲಿಲ್ಲ ಮಾರಾಯ್ತಿ. ನಾನು ಅಲ್ಲಿ ಚೆನ್ನಾಗಿದೀನಿ."

"ನೋಡಿ, ಹೀಗೇ ಶುರು ಆಗೋದು," ಎಂದರು ಮೇಷ್ಟ್ರು ಮೆಲ್ಲಗೆ.

ಭಾವ ಮಾತ್ರ ಅಳುವ ಪೈಕಿಯಲ್ಲ. ಎದ್ದು ನಿಂತು ಟೇಪು ತೆಗೆದ. "ನಮ್ಮ ಅಂಗಡೀಲಿ ಗಿರಾಕಿ ಚಪ್ಪಲಿ ಬಿಡೋ ಜಾಗಕ್ಕೂ ಒಂದು ಬಾಗಿಲಿದೆ. ನಮ್ಮ ಮನೆ ಅಳಿಯ ಮೆಟ್ಟಿಲ ಮೇಲೆ ಕೂರೋದಾ? ನಾಳೆ ನಾನೇ ಬಂದು ನಿಮ್ಮ ಸಾಹೇಬರನ್ನ ಕಾಣ್ತೀನಿ ಭಾವನೋರೇ. ನೀವು ಒಂದು ಮಾತೂ ಆಡಬೇಡಿ, ನಿಮ್ಮ ಆರೋಗ್ಯಕ್ಕೆ ಒಳ್ಳೇದಲ್ಲ."

ಅವನು ಬಂದ. ಸಾಹೇಬರೂ ಅವನೂ ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಹಾಗಿದ್ದರು, ಇಬ್ಬರಿಗೂ ನನ್ನ ಮಾತು ಕೇಳುವ ಅಭ್ಯಾಸ ಇರಲಿಲ್ಲ. ಮೇಲಿನ ಮಹಡಿಯ ಕೊನೆಯಲ್ಲಿ ಹಳೆಯ ಮೀಟರುಗಳನ್ನು ತುಂಬಿದ್ದ ಕೋಣೆ ಖಾಲಿಯಾಯಿತು. ಬಣ್ಣ ಬಂತು, ಎಸಿ ಬಂತು, ತಾನೇ ಮುಚ್ಚಿಕೊಳ್ಳುವ ಬಾಗಿಲು ಬಂತು, ಮೆತ್ತನೆಯ ತಿರುಗುವ ಕುರ್ಚಿ ಬಂತು. ಮೇಜಿನ ಜವಾಬ್ದಾರಿ ಭಾವನದು. ಅದು ತಯಾರಾಗುವವರೆಗೆ ಒಂದು ಮಡಿಸುವ ಮೇಜು ಇಟ್ಟರು. ಭಾವ ಕೋಣೆ ಅಳೆದ, ಬಾಗಿಲು ಅಳೆದ, ಕೂರಿಸಿ ನಿಲ್ಲಿಸಿ ನನ್ನನ್ನೂ ಅಳೆದ. ಜವಾನ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿ ಅದರೊಳಗೆ ಬಿಟ್ಟ.

ಶತ್ರುವಿಗೂ ಬೇಡ ಆ ಕೋಣೆ. ಕಿಟಕಿ ಇಲ್ಲ. ಹೊರಗೆ ಬೆಳಗೋ ಸಂಜೆಯೋ ಎಂದು ತಿಳಿಯಲು ಬಾಗಿಲು ತೆಗೆದು ಇಣುಕಬೇಕು. ಎಸಿ ನನ್ನ ನೆತ್ತಿಗೇ ಗುರಿ ಇಟ್ಟು ಊದುತ್ತಿತ್ತು. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ಕೂತ ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಬಾಗಿಲು ದಪ್ಪ. ಹೊರಗಿನವರು ತಟ್ಟಿದ್ದು ನನಗೆ ಕೇಳದು, ನಾನು ಬನ್ನಿ ಎಂದದ್ದು ಅವರಿಗೆ ಕೇಳದು. ಇಬ್ಬರೂ ಕಾದು ಕಾದು ಸುಮ್ಮನಾಗುತ್ತಿದ್ದೆವು. ಯಾರ ಜಗಳವೂ ಅರ್ಧ ಸಹ ಕಿವಿಗೆ ಬೀಳುತ್ತಿರಲಿಲ್ಲ. ಕೆಳಗಿನ ಗುಮಾಸ್ತರಿಗೆ ಡಾಕ್ಟರು ಏನು ಹೇಳಿದರು ಎಂಬುದು ಕೂಡ ನನಗೆ ಬಹಳ ತಡವಾಗಿ ತಿಳಿಯಿತು.

ಕಚೇರಿಯ ಕೆಲಸವೂ ಎಕ್ಕುಟ್ಟಿ ಹೋಯಿತು. ಮೊದಲು ಕಾಗದ ನನ್ನನ್ನು ದಾಟಿ ಸಾಹೇಬರ ಹತ್ತಿರ ಹೋಗುತ್ತಿತ್ತು. ಈಗ ಸಾಹೇಬರ ಕೋಣೆ ದಾಟಿ ನನ್ನ ಹತ್ತಿರ ಬಂದು, ಮೊಹರು ಬಿದ್ದ ಮೇಲೆ ತಿರುಗಿ ಅವರ ಹತ್ತಿರ ಹೋಗಿ, ಸಹಿಯಾದ ಮೇಲೆ ಇನ್ನೊಂದು ಮೊಹರಿಗೆ ಮತ್ತೆ ನನ್ನ ಹತ್ತಿರ ಬರಬೇಕು. ಜನ ಕಾರಿಡಾರಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಒಬ್ಬ ಅಜ್ಜಿ ಗೋಡೆ ಹಿಡಿದು ಹಿಡಿದು ಪೂರ್ತಿ ಮೆಟ್ಟಿಲು ಹತ್ತಿ ಬಂದಳು. ಕಾಗದದಲ್ಲಿ ಕಂದಾಯದ ರಸೀತಿ ಇರಲಿಲ್ಲ. ನಾನು ಹೇಳಿದಾಗ ಅವಳು ಸಿಟ್ಟು ಮಾಡಲಿಲ್ಲ. "ನೀನು ಅರ್ಧದಲ್ಲೇ ಇದ್ದಿದ್ರೆ ಅಲ್ಲೇ ಹೇಳ್ತಿದ್ದೆ ಅಲ್ವೇನಪ್ಪ," ಎಂದಳು. ಅವಳು ಹೋದ ಮೇಲೆ ಆ ತಣ್ಣನೆಯ ಕೋಣೆಯಲ್ಲಿ ಕೂತು ನಾನು ಅತ್ತೆ. ನನಗೆ ನನ್ನ ತಿರುವು ಬೇಕಾಗಿತ್ತು, ಬೇರೇನೂ ಬೇಕಾಗಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿ ಹಣೆ ಮುಟ್ಟಿ ನೋಡುತ್ತಿದ್ದಳು. ಸಾಹೇಬರಿಗೆ ಹೇಳಿದರೆ, "ನೀವು ಏನೂ ಬೇಡ ಅನ್ನಬಾರದು, ಅದೇ ನಿಮ್ಮ ಕಾಯಿಲೆ," ಎನ್ನುತ್ತಿದ್ದರು. ಕೊನೆಗೆ ಅಯ್ಯೋ ಅಕ್ಕನ ಮೊರೆ ಹೊಕ್ಕೆ.

"ಅಯ್ಯೋ, ಇಷ್ಟೇನಾ?" ಎಂದಳು ಆಕೆ. "ನೀವು ಖುಷಿಯಾಗಿದೀನಿ ಅಂದಿದ್ದಕ್ಕೆ ತಾನೆ ಇದೆಲ್ಲ ಆಗಿದ್ದು? ದೂರು ಹೇಳೋದು ಕಲೀರಿ. ಚೆನ್ನಾಗಿ ದೂರು ಹೇಳಿದ್ರೆ, ಇವರು ನೆಟ್ಟಗಿದಾರೆ ಅಂತ ಬಿಟ್ಬಿಡ್ತಾರೆ. ಎಲ್ಲಿ, ಅಯ್ಯೋ ಅನ್ನಿ."

"ಅಯ್ಯೋ."

"ಅದು ಕಾಲು ಎಡವಿದ ಅಯ್ಯೋ. ಬದುಕು ಸಾಕಾಗಿರೋ ಅಯ್ಯೋ ಬೇಕು. ಹೊಟ್ಟೆಯಿಂದ ಎಳೀರಿ."

ಊಟದ ಬಿಡುವಿನಲ್ಲೆಲ್ಲ ನನಗೆ ಪಾಠವಾಯಿತು. ತಜ್ಞೆ ಮತ್ತೆ ಬಂದು ನನ್ನ ಕೋಣೆಯಲ್ಲಿ ಕೂತು, ಹೇಗಿದ್ದೀರಿ ಎಂದದ್ದೇ ತಡ, ಒಳಗಿದ್ದದ್ದೆಲ್ಲ ಕಟ್ಟೆಯೊಡೆಯಿತು. ಕಲಿತ ಪಾಠ ಬೇಕಾಗಲೇ ಇಲ್ಲ. "ಅಯ್ಯೋ ಮೇಡಂ, ಇದು ರೂಮಲ್ಲ, ಪೆಟ್ಟಿಗೆ. ತಲೆ ಮೇಲೆ ಚಳಿ, ಮೈಯೆಲ್ಲ ನಿದ್ದೆ. ಮಾತಾಡೋಕೆ ನರಪಿಳ್ಳೆ ಇಲ್ಲ. ಗಾಳಿ ಇಲ್ಲ, ಬೆಳಕಿಲ್ಲ, ಮರ ಇಲ್ಲ. ಇಲ್ಲಿ ಇನ್ನೊಂದು ದಿನ ಕೂತ್ರೆ ನಂಗೆ ಹುಚ್ಚು ಹಿಡಿಯತ್ತೆ. ದಯವಿಟ್ಟು ನನ್ನನ್ನ ಇಲ್ಲಿಂದ ಬಿಡಿಸಿ."

ತಜ್ಞೆಯ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಸಾಹೇಬರ ಕಡೆ ತಿರುಗಿ, "ನೋಡಿದ್ರಾ ಸರ್, ಎಷ್ಟು ಚೆನ್ನಾಗಿ ದೂರು ಹೇಳ್ತಿದಾರೆ. ಗಾಳಿ ಬೇಕಂತೆ, ಬೆಳಕು ಬೇಕಂತೆ. ಆಸೆ ವಾಪಸ್ ಬಂದಿದೆ," ಎಂದರು.

"ಎಲ್ಲಾ ಈ ರೂಮಿನ ಮಹಿಮೆ," ಎಂದರು ಸಾಹೇಬರು ಗದ್ಗದರಾಗಿ.

"ಹೌದು. ಇನ್ನೂ ಕೆಲವು ಕಾಲ ಇದರಲ್ಲೇ ಇಡಿ, ಪೂರ್ತಿ ಗುಣ ಆಗ್ತಾರೆ. ಒಂದು ವಿಷಯ. ಆ ಹಳೇ ಮೇಜು ಅಲ್ಲಿರೋದು ಬೇಡ. ಅಭ್ಯಾಸಬಲದಿಂದ ಮತ್ತೆ ಹೋಗಿ ಕೂತ್ಬಿಡಬಹುದು."

ಅಷ್ಟು ವರ್ಷ ಆಗದಿದ್ದ ತೀರ್ಮಾನ ಒಂದೇ ಮಧ್ಯಾಹ್ನದಲ್ಲಿ ಆಗಿಹೋಯಿತು. ನನ್ನ ಆರೋಗ್ಯದ ದೃಷ್ಟಿಯಿಂದ ಮೇಜನ್ನು ಕೊಯ್ದು ತೆಗೆಯುವುದಕ್ಕೆ ಸಾಮಾನು ವಿಭಾಗ ಒಪ್ಪಿತು. ಅಯ್ಯೋ ಅಕ್ಕನಿಗೆ ಹೇಳಿದರೆ ಆಕೆ, "ಅಯ್ಯೋ, ನೀವು ಅಷ್ಟು ಚೆನ್ನಾಗಿ ಹೇಳಬಾರದಿತ್ತು," ಎಂದಳು.

ಮೇಜು ಕೊಯ್ಯುವ ದಿನವೇ ಭಾವನ ಹೊಸ ಮೇಜೂ ಬರುವುದೆಂದು ಗೊತ್ತಾಯಿತು. ಮಧ್ಯಾಹ್ನ ಬಡಗಿ ಬಂದು ಹಳೆಯದನ್ನು ಕೊಯ್ದು ದಾರಿ ಬಿಡಿಸುವುದು, ಆಮೇಲೆ ಹೊಸದನ್ನು ಹತ್ತಿಸುವುದು ಎಂದು ಏರ್ಪಾಡು. ಆದರೆ ಭಾವನಿಗೆ ತಡೆಯುವ ಸ್ವಭಾವ ಎಲ್ಲಿಯದು? ಬೆಳಿಗ್ಗೆಯೇ ಆಳುಗಳ ಹೆಗಲ ಮೇಲೆ ಮೇಜು ಹೊರಿಸಿಕೊಂಡು ಬಂದುಬಿಟ್ಟ. ಹೊಸ ರೂಮು ನೋಡಲೆಂದು ನನ್ನ ಹೆಂಡತಿಯೂ ಮದುವೆಗೆ ಹೊರಟವಳ ಹಾಗೆ ಅಲಂಕರಿಸಿಕೊಂಡು ಹಿಂದೆ ಬಂದಿದ್ದಳು. ಮೇಜೋ, ಸಾಹೇಬರ ಮೇಜಿಗಿಂತ ದೊಡ್ಡದು. ಹೊಳೆಯುವ ಪಾಲಿಶು, ಅಂಚಿಗೆಲ್ಲ ಬಳ್ಳಿಯ ಕೆತ್ತನೆ.

"ಭಾವ, ತಿರುವಿನಲ್ಲಿ ಹಳೇ ಮೇಜಿದೆ," ಎಂದೆ.

"ಅದರ ಮೇಲಿಂದ ಎತ್ತಿ ದಾಟಿಸಿದ್ರಾಯ್ತು. ನಮ್ಮ ಹುಡುಗರು ಬೀರು ಬಾವಿಗೆ ಇಳಿಸಿ ಎತ್ತಿದೋರು," ಎಂದ ಭಾವ. ಬೀರನ್ನು ಬಾವಿಗೆ ಯಾಕೆ ಇಳಿಸಿದರೋ ಕೇಳಲು ಹೊತ್ತಿರಲಿಲ್ಲ.

"ತಿರುವು ಅಳೆದಿದ್ಯಾ?"

"ಅಲ್ಲಿ ಹಳೇ ಮೇಜಿತ್ತಲ್ಲ, ಹೇಗೆ ಅಳೀಲಿ?" ಎಂದು ನನ್ನನ್ನೇ ಗದರಿದ.

ಎತ್ತಿದರು. ಹಳೆಯದರ ಮೇಲೆ ಅಡ್ಡ ಹಿಡಿದರು. ಓರೆ ಮಾಡಿದರು. ಸಾಹೇಬರು ಮೇಲಿನ ಮೆಟ್ಟಿಲಲ್ಲಿ ನಿಂತು ಎಡಕ್ಕೆ ಎಂದರು, ಭಾವ ಕೆಳಗಿನಿಂದ ಬಲಕ್ಕೆ ಎಂದ. ಆಳುಗಳು ಇಬ್ಬರ ಮಾತನ್ನೂ ಗೌರವಿಸಿದರು. ಕರ್ರ್ ಎಂದು ಒಂದು ಸದ್ದಾಯಿತು. ಹೊಸ ಮೇಜಿನ ಕಾಲುಗಳು ಹಳೆಯದರ ಪಕ್ಕಕ್ಕೆ ಇಳಿದು, ಒಂದು ತುದಿ ಗೋಡೆಗೆ, ಇನ್ನೊಂದು ಹಳೆಯ ಮೇಜಿನ ಡ್ರಾಯರಿಗೆ ಕಚ್ಚಿ, ಎರಡೂ ಮೂಲೆಗೆ ಮೂಲೆ ಸೇರಿಸಿ ಅಣ್ಣ ತಮ್ಮಂದಿರ ಹಾಗೆ ನಿಂತುಬಿಟ್ಟವು. ಆಳುಗಳು ಬೆವರು ಒರೆಸಿಕೊಂಡರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಮಧ್ಯಾಹ್ನ ಬಡಗಿ ಗರಗಸ ಹಿಡಿದು ಬಂದ. ಸುತ್ತ ನೋಡಿದ. "ಗರಗಸ ಆಡಿಸೋಕೆ ಜಾಗ ಎಲ್ಲಿದೆ? ಹಳೇದನ್ನ ಕೊಯ್ಯಬೇಕಾದ್ರೆ ಮೊದಲು ಹೊಸದು ತೆಗೀರಿ."

"ಹೊಸದು ತೆಗೀಬೇಕಾದ್ರೆ ಮೊದಲು ಹಳೇದು ಕೊಯ್ಯಿ," ಎಂದರು ಆಳುಗಳು.

"ಹಾಗಾದ್ರೆ ಹೊಸದನ್ನೇ ಕೊಯ್ಯಲಾ?"

ಭಾವ ಎರಡೂ ಕೈ ಚಾಚಿ ಮೇಜನ್ನು ತಬ್ಬಿಕೊಂಡ. "ನನ್ನನ್ನ ಮೊದಲು ಕೊಯ್ಯಿ," ಎಂದ.

ಈ ಗಲಾಟೆಯಲ್ಲಿ ಸಾಹೇಬರ ಊಟದ ಹೊತ್ತು ಮೀರುತ್ತಿತ್ತು. ಉಳಿದ ಸಂದಿಯಲ್ಲಿ ಬಡಕಲು ಜನ ಪಕ್ಕಕ್ಕೆ ತಿರುಗಿ ನುಸುಳಬಹುದಿತ್ತು, ಸಾಹೇಬರ ಹೊಟ್ಟೆಗೆ ಆ ಸೌಲಭ್ಯ ಇರಲಿಲ್ಲ. ಜವಾನನ ಹೆಗಲು ಹಿಡಿದು, ಹೊಸ ಮೇಜಿನ ಮೇಲೆ ಕೂತು, ಕಾಲು ಎತ್ತಿ ಈಚೆ ಹಾಕಬೇಕೆಂದು ಹೊರಟರು. ಕೂತರು. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿತು. ಅವರ ಬೆವರಿದ ಮುಖ ಸಡಿಲವಾಯಿತು.

"ಇಲ್ಲಿ ಗಾಳಿ ಬರತ್ತಲ್ರೀ," ಎಂದರು.

"ದಿನಾ ಬರತ್ತೆ ಸಾರ್," ಎಂದೆ.

ಕೆಳಗೆ ಸಾಲಾಗಿ ನಿಂತಿದ್ದ ಜನಕ್ಕೆ ಸಾಹೇಬರು ಕೈಗೆ ಸಿಗುವ ಹಾಗೆ ಕಂಡರು. ಒಬ್ಬ ಕಾಗದ ಎತ್ತಿ ಹಿಡಿದ. ಇನ್ನೊಬ್ಬ ಪೆನ್ನು ಕೊಟ್ಟ. ನಾನು ಅಭ್ಯಾಸಬಲದಿಂದ ನನ್ನ ಹಳೆಯ ಮೇಜಿಗೆ ಆತು ಜೇಬಿನಲ್ಲಿದ್ದ ಮೊಹರು ಒತ್ತಿ ಮುಂದೆ ಸರಿಸಿದೆ, ಸಾಹೇಬರು ಕೂತಲ್ಲೇ ಸಹಿ ಹಾಕಿದರು, ನಾನು ಎರಡನೆಯ ಮೊಹರು ಒತ್ತಿದೆ. ಅರ್ಜಿದಾರ ಒಂದು ಮೆಟ್ಟಿಲೂ ಹೆಚ್ಚಿಗೆ ಹತ್ತದೆ ಮನೆಗೆ ಹೋದ. ಅವನ ಹಿಂದಿನವನು ಮುಂದೆ ಬಂದ. ಸಾಹೇಬರಿಗೆ ಊಟ ಮರೆತೇಹೋಯಿತು.

ನನ್ನ ಹೆಂಡತಿ ಕಾಲು ಸೋತು ನನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದಳು. ಮೊನ್ನೆಯ ಅಜ್ಜಿ ಮತ್ತೆ ಬಂದಿದ್ದಳು. ನಾನು ಮೊಹರಿನಲ್ಲಿ ಮುಳುಗಿದ್ದರಿಂದ ತನ್ನ ಕಾಗದವನ್ನು ಹೆಂಡತಿಯ ಮುಂದಿಟ್ಟಳು. ಇವಳು ಎರಡು ಸಲ ತಿರುವಿ ನೋಡಿ, "ರೀ, ಇದರಲ್ಲಿ ರಸೀತಿ ಇದೆ. ಅಜ್ಜಿದು ಮೊದಲು ಮಾಡಿಕೊಡಿ, ಪಾಪ," ಎಂದಳು. ಅಜ್ಜಿ ಸ್ಟೂಲಿನಲ್ಲಿ ಕೂತು ಇವಳ ಊರು ಕೇರಿ ವಿಚಾರಿಸಿದಳು, ನನ್ನನ್ನು ಹೊಗಳಿದಳು, ನಮ್ಮ ಮಗಳನ್ನು ಹರಸಿದಳು. ಮೇಲಿನಿಂದ ಅಯ್ಯೋ ಅಕ್ಕನ ಮಾತು ಅರ್ಧ ಕೇಳಿಸಿತು, ಕೆಳಗಿನ ಗುಮಾಸ್ತರದು ಇನ್ನರ್ಧ. ಹೆಂಡತಿಯ ಕಿವಿ ನಿಮಿರಿತು.

ಜನ ಕರಗಿದ ಮೇಲೆ ಅವಳು ಕಿಟಕಿಯಾಚೆಯ ಮರ ನೋಡುತ್ತಾ, ಅಣ್ಣನಿಗೆ ಕೇಳಿಸದ ಹಾಗೆ ಹೇಳಿದಳು. "ನಮ್ಮನೇಲೂ ಇಂಥ ಜಾಗ ಇಲ್ಲ ಕಣ್ರೀ."

"ನಾನು ಹೇಳಿದ್ನಲ್ಲ."

"ನೀವು ಕಿಟಕಿ ಅಂತಷ್ಟೇ ಹೇಳಿದ್ರಿ. ರೂಮು ಅಂದೋಳು ನಾನೇ." ನನ್ನ ಕಡೆ ತಿರುಗಿ, "ನಿಜವಾಗ್ಲೂ ಚೆನ್ನಾಗಿದ್ರಾ ಇಲ್ಲಿ?" ಎಂದಳು.

"ತುಂಬಾ."

"ಹಾಗಾದ್ರೆ ಸುಮ್ನೆ ಇರಿ. ಯಾರ ಹತ್ರಾನೂ ಹೇಳಬೇಡಿ," ಎಂದಳು.

ಸಂಜೆ ಸಾಹೇಬರು ಎರಡೂ ಮೇಜುಗಳನ್ನು ಸುತ್ತಲಾರದೆ ನಿಂತಲ್ಲೇ ನೋಡಿ ಗಂಟಲು ಸರಿಪಡಿಸಿಕೊಂಡರು. ಹಳೆಯ ಮೇಜು ಸಾಮಾನು ವಿಭಾಗದ್ದು, ಹೊಸದು ಖಾಸಗಿಯವರದ್ದು, ಗೋಡೆ ಕಟ್ಟಡದವರದ್ದು. ಇದನ್ನೆಲ್ಲ ಕೂಲಂಕಷವಾಗಿ ಯೋಚಿಸಬೇಕು. "ತೀರ್ಮಾನ ಆಗೋವರೆಗೆ ನೀವು ಇಲ್ಲೇ ಕೂತಿರಿ," ಎಂದರು. ನಾನು ಉಸಿರು ಬಿಗಿ ಹಿಡಿದೆ. "ತಾತ್ಕಾಲಿಕವಾಗಿ," ಎಂದರು. ನನ್ನ ಜೀವ ಜಾಗಕ್ಕೆ ಬಂತು.

ಈಗ ಮಧ್ಯಾಹ್ನದ ಮೇಲೆ ಸಾಹೇಬರೂ ಹೊಸ ಮೇಜಿಗೆ ಬಂದು ಸಹಿ ಹಾಕುತ್ತಾರೆ, ಗಾಳಿಗೋಸ್ಕರ ಅಲ್ಲ, ಸಾರ್ವಜನಿಕರ ಅನುಕೂಲಕ್ಕೋಸ್ಕರ ಎನ್ನುತ್ತಾರೆ. ಸಾಹೇಬರೇ ತನ್ನ ಮೇಜಿನಲ್ಲಿ ಸಹಿ ಹಾಕುತ್ತಾರೆಂದು ಭಾವ ಊರೆಲ್ಲ ಸಾರಿಕೊಂಡು ಬಂದಿದ್ದಾನೆ. ಮೇಲಿನ ಕೋಣೆಯನ್ನು ಅಯ್ಯೋ ಅಕ್ಕನಿಗೆ ಕೊಟ್ಟರು. ಅಲ್ಲಿ ದೂರಿಗೆ ಬರವಿಲ್ಲ, ಆಕೆ ಸುಖವಾಗಿದ್ದಾಳೆ.

ತಜ್ಞೆ ಮತ್ತೊಮ್ಮೆ ಬಂದರು. ನನ್ನನ್ನು ತಿರುವಿನಲ್ಲಿ ಕಂಡು ಮುಖ ಸಪ್ಪೆ ಮಾಡಿ, "ಈಗ ಹೇಗಿದೀರ?" ಎಂದರು. ಸಾಹೇಬರು ಪೆನ್ನು ನಿಲ್ಲಿಸಿದರು. ಜವಾನ ನನ್ನ ಮುಖವನ್ನೇ ನೋಡಿದ. ನಾನು ಹೊಟ್ಟೆಯಿಂದ ಎಳೆದು, "ಅಯ್ಯೋ, ಏನು ಹೇಳ್ಲಿ ಮೇಡಂ," ಎಂದೆ. "ಈ ಕಿಟಕಿ ಬಾಗಿಲು ನೋಡಿ, ಗಾಳಿ ಬಂದಾಗೆಲ್ಲ ಕಿರ್ ಅನ್ನತ್ತೆ. ಜೀವಾನೇ ಹೋಗತ್ತೆ."

ಅವರ ಮುಖ ಅರಳಿತು. "ಇದೆ, ಇನ್ನೂ ಆಸೆ ಇದೆ," ಎಂದು ಸಾಹೇಬರಿಗೆ ಹೇಳಿ, ತಕ್ಷಣ ಬಾಗಿಲಿಗೆ ಎಣ್ಣೆ ಬಿಡಬೇಕೆಂದು ತಾಕೀತು ಮಾಡಿ ಸಂತೋಷವಾಗಿ ಹೊರಟರು. ಜವಾನ ಓಡಿಹೋಗಿ ಎಣ್ಣೆ ಡಬ್ಬಿ ತಂದ. ನಾನು ಅದನ್ನು ಅವನ ಕೈಯಿಂದ ಇಸಿದುಕೊಂಡು, ಎಡಗಡೆಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ನನಗೆ ಇರುವುದು ಅದೊಂದೇ ದೂರು.